ಐಟಿಐ ಎಲೆಕ್ಟ್ರಿಷಿಯನ್ ಟ್ರೇಡ್: ಎರಡು ವರ್ಷ ಕಲಿತವರು ಕಾರ್ಖಾನೆಯ ಪ್ಯಾನಲ್ ಬಾಗಿಲು ತೆರೆದಾಗ

ಎಸ್‌ಎಸ್‌ಎಲ್‌ಸಿ ಮುಗಿಸಿ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಬೇಕೆನ್ನುವವರಿಗೆ ಕಡಿಮೆ ಖರ್ಚಿನ, ದೇಶದ ಎಲ್ಲ ಕಡೆ ನಡೆಯುವ ದಾರಿ ಇವತ್ತಿಗೂ ಐಟಿಐಯ ಎರಡು ವರ್ಷದ ಎಲೆಕ್ಟ್ರಿಷಿಯನ್ ಟ್ರೇಡೇ. ಹತ್ತನೇ ತರಗತಿಯಲ್ಲಿ ವಿಜ್ಞಾನ, ಗಣಿತ ಓದಿರಬೇಕು. 2022ರ ಪಠ್ಯಕ್ರಮದಂತೆ ವರ್ಷಕ್ಕೆ 1,200 ಗಂಟೆ ಪಾಠ, ಅದರಲ್ಲಿ 840 ಗಂಟೆ ಪ್ರಾಕ್ಟಿಕಲ್. ಕಾಗದದ ಮೇಲೆ ದೂರಲು ಹೆಚ್ಚೇನೂ ಇಲ್ಲ. ಆದರೆ ಆ 840 ಗಂಟೆಯಲ್ಲಿ ಕೈಗೆ ಏನು ದಕ್ಕುತ್ತದೆ ಎಂಬುದರಲ್ಲಿ ಒಂದು ಐಟಿಐಗೂ ಇನ್ನೊಂದಕ್ಕೂ ಅಜಗಜಾಂತರ.

ಮೊದಲ ವರ್ಷ ಸುರಕ್ಷತೆ, ಕೈ ಉಪಕರಣ, ವೈರ್ ಜಾಯಿಂಟ್, ವೈರಿಂಗ್, ಅರ್ಥಿಂಗ್, ಮೀಟರುಗಳು, ಬ್ಯಾಟರಿ, ಟ್ರಾನ್ಸ್‌ಫಾರ್ಮರ್. ಬ್ರಿಟಾನಿಯಾ ಜಾಯಿಂಟ್, ವೆಸ್ಟರ್ನ್ ಯೂನಿಯನ್ ಜಾಯಿಂಟ್‌ಗಳನ್ನು ಇನ್ನೂ ಶ್ರದ್ಧೆಯಿಂದ ಕಟ್ಟಿಸುತ್ತಾರೆ. ಕಾರ್ಖಾನೆಯ ಪ್ಯಾನಲ್ (ಸ್ವಿಚ್, ರಿಲೇಗಳನ್ನು ಕೂಡಿಸಿದ ಪೆಟ್ಟಿಗೆ) ಒಳಗೆ ಅವಕ್ಕೆ ಕೆಲಸವಿಲ್ಲ. ಅಲ್ಲಿ ಬೇಕಾದದ್ದು ಕ್ರಿಂಪಿಂಗ್, ಅಂದರೆ ತಂತಿಯ ತುದಿಗೆ ಲಗ್ ಎಂಬ ಲೋಹದ ತೊಡಿಕೆ ಹಾಕಿ ಟೂಲಿನಿಂದ ಒತ್ತಿ ಬಿಗಿಯುವುದು. ಅದಕ್ಕೆ ಸಿಗುವ ಸಮಯವೋ ಬಹಳ ಕಡಿಮೆ. ಎಳೆಎಳೆಯಾಗಿರುವ ತಂತಿಯನ್ನು ಲಗ್ ಹಾಕದೆ ಹಾಗೇ ಟರ್ಮಿನಲ್‌ಗೆ ತುರುಕಿ ಸ್ಕ್ರೂ ಬಿಗಿದರೆ ಎಳೆಗಳು ಹರಡಿಕೊಳ್ಳುತ್ತವೆ, ನಾಲ್ಕಾರು ತಿಂಗಳ ಕಂಪನಕ್ಕೆ ಹಿಡಿತ ಸಡಿಲವಾಗುತ್ತದೆ. ಸಡಿಲವಾದ ಜಾಗ ಬಿಸಿಯಾಗಿ, ಇನ್ಸುಲೇಶನ್ ಕಪ್ಪಾಗಿ, ಕೊನೆಗೆ ಆ ಫೇಸ್ ಕಡಿಯುತ್ತದೆ. ಮೋಟಾರ್ ಎರಡೇ ಫೇಸಿನಲ್ಲಿ ಗುಂಯ್‌ಗುಡುತ್ತಾ ಹೆಚ್ಚು ಕರೆಂಟು ಎಳೆದು ಸುಡುತ್ತದೆ. ಪ್ರವೇಶಕ್ಕೆ ಮುಂಚೆ ವರ್ಕ್‌ಶಾಪಿಗೆ ಹೋದರೆ ಒಂದು ಕ್ರಿಂಪಿಂಗ್ ಟೂಲಿಗೆ ಎಷ್ಟು ಹುಡುಗರು ಎಂದು ಕೇಳಿ. ಇಪ್ಪತ್ತು ಜನರ ತಂಡಕ್ಕೆ ಒಂದೇ ಇದ್ದರೆ ಅದು ಬೀರುವಿನಲ್ಲೇ ಇರುತ್ತದೆ ಅಂತ ಲೆಕ್ಕ.

ಎರಡನೇ ವರ್ಷದ ಮೊದಲ ಭಾಗ ಡಿಸಿ ಮಷಿನ್‌ಗಳದ್ದು. ತತ್ವ ಅರ್ಥವಾಗಲು ಅದು ಬೇಕು, ನಿಜ. ಆದರೆ ಪೀಣ್ಯದಲ್ಲೋ ಹೂಟಗಳ್ಳಿಯಲ್ಲೋ ಬೈಕಂಪಾಡಿಯಲ್ಲೋ ಕೆಲಸಕ್ಕೆ ಸೇರಿದವರ ಎದುರಿಗಿರುವುದು ಬಹುಪಾಲು 415 ವೋಲ್ಟಿನ ತ್ರೀ ಫೇಸ್ ಇಂಡಕ್ಷನ್ ಮೋಟಾರ್, ಅದರ ಸ್ಟಾರ್ಟರ್, ಇಲ್ಲವೇ ಅದರ ವೇಗ ನಿಯಂತ್ರಿಸುವ ಡ್ರೈವ್. ಆ ಅನುಪಾತ ಪಾಠದಲ್ಲಿ ಕಾಣುವುದಿಲ್ಲ.

ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಕಡಿಮೆ ಕರೆಂಟಿನಿಂದ ಎಬ್ಬಿಸಿ ಆಮೇಲೆ ಡೆಲ್ಟಾ ಜೋಡಣೆಗೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನೇ ತೆಗೆದುಕೊಳ್ಳಿ. ಕಲಿಸುವವರು ಎಂಥವರು ಎಂಬುದು ಇದೊಂದರಲ್ಲೇ ಗೊತ್ತಾಗುತ್ತದೆ. ಮೂರು ಕಾಂಟ್ಯಾಕ್ಟರ್ (ಕಾಯಿಲಿಗೆ ಕರೆಂಟು ಕೊಟ್ಟಾಗ ಎಳೆದುಕೊಳ್ಳುವ ಸ್ವಿಚ್), ಒಂದು ಟೈಮರ್, ಒಂದು ಓವರ್‌ಲೋಡ್ ರಿಲೇ (ಕರೆಂಟು ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಸಾಧನ) ಇಟ್ಟು ಬೋರ್ಡಿನ ಮೇಲೆ ಚಿತ್ರ ಬಿಡಿಸಿ, ಮೋಟಾರ್ ತಿರುಗಿದ ಕೂಡಲೇ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಬಿಟ್ಟರೆ ಅರ್ಧ ಪಾಠವೂ ಆಗಿಲ್ಲ. ಮೊದಲು ಮೋಟಾರಿನ ಪ್ಲೇಟ್ ಓದಿಸಬೇಕು. 415 ವೋಲ್ಟಿಗೆ ಡೆಲ್ಟಾ ಎಂದಿದ್ದರೆ ಮಾತ್ರ ಈ ಸ್ಟಾರ್ಟರ್. 3 ಎಚ್‌ಪಿವರೆಗಿನ ಮೋಟಾರುಗಳು ನಮ್ಮಲ್ಲಿ ಸಾಮಾನ್ಯವಾಗಿ ಸ್ಟಾರ್‌ನಲ್ಲೇ ಓಡುವಂಥವು, ಅವನ್ನು ಡೆಲ್ಟಾಕ್ಕೆ ಹಾಕಿದರೆ ವೈಂಡಿಂಗ್ ಹೋಯಿತು. ಆಮೇಲೆ ಮೂರು ವೈಂಡಿಂಗಿನ ಆರು ತುದಿಗಳ ಡೆಲ್ಟಾ ಸಂಪರ್ಕ: ಯು1ಗೆ ಡಬ್ಲ್ಯು2, ವಿ1ಗೆ ಯು2, ಡಬ್ಲ್ಯು1ಗೆ ವಿ2. ಎರಡು ತುದಿ ಅದಲುಬದಲಾಗಿ ಒಂದು ವೈಂಡಿಂಗಿನ ಎರಡೂ ತುದಿಗೆ ಒಂದೇ ಫೇಸ್ ಬಂದರೆ ಸ್ಟಾರ್‌ನಲ್ಲಿ ಚೆನ್ನಾಗಿ ಎದ್ದ ಮೋಟಾರ್ ಡೆಲ್ಟಾಕ್ಕೆ ಬದಲಾದ ಕ್ಷಣ ನರಳಿ ಟ್ರಿಪ್ ಆಗುತ್ತದೆ. ಹೊಸಬರು ಆಗ ಟೈಮರನ್ನು ದೂರುತ್ತಾರೆ, ಟೈಮರ್ ಬದಲಿಸುತ್ತಾರೆ, ಮತ್ತೆ ಟ್ರಿಪ್.

ಇನ್ನೂ ದುಬಾರಿ ತಪ್ಪು ಓವರ್‌ಲೋಡ್ ಸೆಟ್ಟಿಂಗಿನದ್ದು. ರಿಲೇ ಮೇನ್ ಕಾಂಟ್ಯಾಕ್ಟರಿನ ಕೆಳಗೆ ಕೂತಿದ್ದರೆ ಅದರಲ್ಲಿ ಹರಿಯುವುದು ವೈಂಡಿಂಗಿನ ಕರೆಂಟು, ಅಂದರೆ ಪೂರ್ಣ ಕರೆಂಟಿನ 0.58 ಪಾಲು. 10 ಎಚ್‌ಪಿ ಮೋಟಾರಿನ ಪ್ಲೇಟಿನಲ್ಲಿ 14 ಆಂಪಿಯರ್ ಇದ್ದರೆ ರಿಲೇಯನ್ನು ಸುಮಾರು 8ಕ್ಕೆ ಇಡಬೇಕು. ಪ್ಲೇಟ್ ನೋಡಿ 14ಕ್ಕೇ ತಿರುಗಿಸಿಟ್ಟರೆ ಮೋಟಾರ್ ಕರಕಲಾದರೂ ರಿಲೇ ಅಲ್ಲಾಡುವುದಿಲ್ಲ. ರಿವೈಂಡಿಂಗ್ ಅಂಗಡಿಗಳಿಗೆ ಇದರಿಂದ ಒಳ್ಳೆಯ ವ್ಯಾಪಾರ. ಸ್ಟಾರ್‌ನಲ್ಲಿ ಕರೆಂಟಿನ ಹಾಗೆ ಟಾರ್ಕ್ (ತಿರುಗಿಸುವ ಬಲ) ಕೂಡ ಮೂರನೇ ಒಂದಕ್ಕೆ ಇಳಿಯುತ್ತದೆ ಎಂಬುದನ್ನೂ ಲೋಡ್ ಹಾಕಿ ತೋರಿಸಬೇಕು. ಇಲ್ಲದಿದ್ದರೆ ಲೋಡ್ ಮೇಲೆ ನಿಂತ ಕಂಪ್ರೆಸರ್ ಏಕೆ ಏಳುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವುದು ತಪ್ಪದು.

ಈ ಟ್ರೇಡಿನ ದೊಡ್ಡ ಕೊರತೆ ಎಂದರೆ ದೋಷ ಹುಡುಕುವ ಅಭ್ಯಾಸ. ಪರೀಕ್ಷೆಯಲ್ಲಿ ಹೊಸ ಸರ್ಕ್ಯೂಟ್ ಕಟ್ಟಿಸುತ್ತಾರೆ. ಕಾರ್ಖಾನೆಯಲ್ಲಿ ಯಾರೋ ಎಂದೋ ಕಟ್ಟಿದ್ದು ರಾತ್ರಿ ಪಾಳಿಯಲ್ಲಿ ನಿಂತುಹೋಗಿರುತ್ತದೆ. ಒಳ್ಳೆಯ ಬೋಧಕರು ಹುಡುಗರನ್ನು ಹೊರಗೆ ಕಳಿಸಿ ಒಂದು ತಂತಿ ಬಿಚ್ಚಿಟ್ಟು ಒಳಗೆ ಕರೆಯುತ್ತಾರೆ. ಕ್ರಮ ಸರಳ. 230 ವೋಲ್ಟ್ ಕಂಟ್ರೋಲ್ ಸರ್ಕ್ಯೂಟಿನಲ್ಲಿ ಮೀಟರಿನ ಒಂದು ಪ್ರೋಬ್ ನ್ಯೂಟ್ರಲ್ ಮೇಲೆ ನಿಲ್ಲಲಿ, ಇನ್ನೊಂದು ಫ್ಯೂಸ್, ಓವರ್‌ಲೋಡ್ ರಿಲೇಯ 95ನೇ ಟರ್ಮಿನಲ್, ಆಮೇಲೆ 96, ಸ್ಟಾಪ್ ಬಟನ್, ಸ್ಟಾರ್ಟ್ ಬಟನ್, ಕಾಂಟ್ಯಾಕ್ಟರ್ ಕಾಯಿಲಿನ ಎ1 ತುದಿ ಎಂದು ಸರದಿಯಾಗಿ ನಡೆಯಲಿ. 95ರಲ್ಲಿ ವೋಲ್ಟೇಜ್ ಇದ್ದು 96ರಲ್ಲಿ ಇಲ್ಲದಿದ್ದರೆ ರಿಲೇ ಟ್ರಿಪ್ ಆಗಿದೆ. ಬಟನ್ ಒತ್ತಿದಾಗ ಎಳೆದು, ಬಿಟ್ಟಾಗ ಕಾಂಟ್ಯಾಕ್ಟರ್ ಬಿದ್ದುಹೋದರೆ ಬಟನ್ ಬಿಟ್ಟ ಮೇಲೂ ಕಾಯಿಲಿಗೆ ಕರೆಂಟು ಉಳಿಸುವ 13-14ರ ಹೋಲ್ಡಿಂಗ್ ನೋಡಬೇಕು. ಎ1ಗೆ 230 ಬಂದೂ ಕಾಂಟ್ಯಾಕ್ಟರ್ ಎಳೆಯದಿದ್ದರೆ ಒಂದೋ ಕಾಯಿಲ್ ಕಡಿದಿದೆ, ಇಲ್ಲವೇ ಎ2ಗೆ ನ್ಯೂಟ್ರಲ್ ಬಂದಿಲ್ಲ. ಉದ್ದನೆಯ ಕೇಬಲಿನಲ್ಲಿ ಡಿಜಿಟಲ್ ಮೀಟರ್ ಏನೂ ಇಲ್ಲದ ಕಡೆಯೂ ಸುಳ್ಳು ವೋಲ್ಟೇಜ್ ತೋರಿಸುತ್ತದೆ, ಪಕ್ಕದ ತಂತಿಯ ಪ್ರಭಾವದಿಂದ. ಟೆಸ್ಟ್ ಲ್ಯಾಂಪ್ ಹಾಕಿದರೆ ಅದು ಮಾಯವಾಗುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮುಂದೆ ಮೋಸಹೋಗುವುದಿಲ್ಲ.

ಇನ್ಸುಲೇಶನ್ ಅಳೆಯುವ ಮೆಗ್ಗರ್ ಬಳಕೆ ಎಲ್ಲ ಕಡೆ ಹೇಳಿಕೊಡುತ್ತಾರೆ: ಸಪ್ಲೈ ತೆಗೆದು, 500 ವೋಲ್ಟಿನಲ್ಲಿ ವೈಂಡಿಂಗಿಗೂ ಬಾಡಿಗೂ ನಡುವೆ ಒಂದು ನಿಮಿಷ, 1 ಮೆಗಾಓಮ್‌ಗಿಂತ ಕಡಿಮೆ ಇರಬಾರದು. ಹೇಳಲು ಮರೆಯುವುದು ಒಂದೇ ಮಾತು: ಮೋಟಾರ್ ಡ್ರೈವಿಗೆ ಸೇರಿದ್ದರೆ ಮೊದಲು ಡ್ರೈವಿನ ಕಡೆಯ ಕೇಬಲ್ ಬಿಚ್ಚಬೇಕು. ಇಲ್ಲದಿದ್ದರೆ ಒಳಗಿನ ಐಜಿಬಿಟಿ (ಎಲೆಕ್ಟ್ರಾನಿಕ್ ಸ್ವಿಚ್) ಹಾಳಾಗುತ್ತದೆ, ಮೋಟಾರಿಗಿಂತ ಡ್ರೈವ್ ತುಟ್ಟಿ.

ಡ್ರೈವ್ ಪಠ್ಯದಲ್ಲಿದೆ, ಆದರೆ ಪಿಎಲ್‌ಸಿ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಮತ್ತು ಸೆನ್ಸರ್ ಪಾಠ ಸಾಲದು. ಸೆನ್ಸರಿನ ಕಂದು ತಂತಿಗೆ 24 ವೋಲ್ಟ್, ನೀಲಿಗೆ ಸೊನ್ನೆ, ಕಪ್ಪು ಸಿಗ್ನಲ್, ಅದು 24 ವೋಲ್ಟ್ ಕೊಡುವ ಪಿಎನ್‌ಪಿಯೋ ಸೊನ್ನೆಗೆ ಎಳೆಯುವ ಎನ್‌ಪಿಎನ್ನೋ ಎಂಬಷ್ಟೂ ಗೊತ್ತಿಲ್ಲದೆ ಹೊರಬರುವವರಿದ್ದಾರೆ. ಈ ಕೊರತೆಯ ಮೇಲೆಯೇ ಬೆಂಗಳೂರಿನಲ್ಲಿ ಎರಡು-ಮೂರು ತಿಂಗಳ ಖಾಸಗಿ ಕೋರ್ಸುಗಳು ನಡೆಯುತ್ತಿವೆ. ಸಿಮ್ಯುಲೇಟರಿನಲ್ಲಿ ಲ್ಯಾಡರ್ (ಪಿಎಲ್‌ಸಿಯ ಪ್ರೋಗ್ರಾಂ) ಬರೆಸಿ ಸರ್ಟಿಫಿಕೇಟ್ ಕೊಡುವಂಥವಕ್ಕೆ ಹಣ ಸುರಿಯಬೇಡಿ. ಇನ್‌ಪುಟ್‌ಗೆ ನಿಜವಾದ ಸೆನ್ಸರ್, ಔಟ್‌ಪುಟ್‌ಗೆ ರಿಲೇ ಮೂಲಕ ಕಾಂಟ್ಯಾಕ್ಟರ್ ಕಟ್ಟಿಸಿದರೆ ಮಾತ್ರ ಪ್ರಯೋಜನ. ಅದೂ ಐಟಿಐ ಬದಲಿಗೆ ಅಲ್ಲ, ಐಟಿಐ ಆದ ಮೇಲೆ.

ಪಠ್ಯಪುಸ್ತಕದ ವಿಷಯದಲ್ಲಿ ದೂರಿಲ್ಲ. ಐಟಿಐಗಳಿಗೆ ಪಠ್ಯ ಸಿದ್ಧಪಡಿಸುವ ಚೆನ್ನೈನ ನಿಮಿ ಸಂಸ್ಥೆಯ ಪುಸ್ತಕಗಳ ಚಿತ್ರಗಳು ಸ್ಪಷ್ಟವಾಗಿವೆ, ಭಾರತ್ ಸ್ಕಿಲ್ಸ್ ಜಾಲತಾಣದಲ್ಲಿ ಪ್ರಶ್ನೆಕೋಶವೂ ಪುಕ್ಕಟೆ. ಪಾಸಾದವರಿಗೆ ಪಾಲಿಟೆಕ್ನಿಕ್ ಎರಡನೇ ವರ್ಷಕ್ಕೆ ನೇರ ಪ್ರವೇಶದ ಬಾಗಿಲೂ ತೆರೆದಿರುತ್ತದೆ. ಇವನ್ನೂ ಸೇರಿಸಿ ಐದಕ್ಕೆ ಮೂರೂವರೆ ಕೊಡಬಹುದು. ದೋಷ ಹುಡುಕಿಸುವ ಬೋಧಕರು ಸಿಕ್ಕರೆ ನಾಲ್ಕೂವರೆ.

ಉಳಿದದ್ದನ್ನು ತುಂಬಿಕೊಳ್ಳುವ ಜಾಗ ಅಪ್ರೆಂಟಿಸ್ ವರ್ಷ. 1961ರ ಕಾಯ್ದೆಯಡಿ ಸಿಗುವ ಈ ತರಬೇತಿಗೆ ಐಟಿಐ ಪಾಸಾದವರಿಗೆ 2019ರ ನಿಯಮದಲ್ಲಿ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಎಂದು ನಿಗದಿಯಾಗಿತ್ತು. ಭತ್ಯೆಯ ಮೊತ್ತಕ್ಕಿಂತ ಯಾವ ವಿಭಾಗಕ್ಕೆ ಹಾಕುತ್ತಾರೆ ಎಂದು ಮೊದಲು ವಿಚಾರಿಸಿ. ಪ್ರೊಡಕ್ಷನ್ ಲೈನಿನಲ್ಲಿ ನಿಲ್ಲಿಸಿ ಸ್ಕ್ರೂ ಬಿಗಿಸುವ ಕಡೆ ವರ್ಷ ಕಳೆದರೂ ಪ್ಯಾನಲ್ ಬಾಗಿಲು ತೆರೆಯಲು ಸಿಗುವುದಿಲ್ಲ. ಮೆಂಟೆನೆನ್ಸ್ ವಿಭಾಗ, ಅದರಲ್ಲೂ ಪಾಳಿ ಎಲೆಕ್ಟ್ರಿಷಿಯನ್ ಜೊತೆ ಬ್ರೇಕ್‌ಡೌನ್‌ಗೆ ಹೋಗಲು ಬಿಡುವ ಜಾಗ ಸಿಕ್ಕರೆ ಹಿಡಿದುಕೊಳ್ಳಿ. ಜೇಬಿನಲ್ಲಿ ಸ್ವಂತದ್ದೊಂದು ಬೀಗ, ಹೆಸರು ಬರೆದ ಟ್ಯಾಗ್ ಇರಲಿ. ಸಪ್ಲೈ ಕಡಿಯುವ ಐಸೊಲೇಟರ್ ಇಳಿಸಿ ಬೀಗ ಹಾಕಿ, ಟೆಸ್ಟರನ್ನು ಮೊದಲು ಸಪ್ಲೈ ಇರುವ ಕಡೆ, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಸಪ್ಲೈ ಇರುವ ಕಡೆ ಹಿಡಿದು ನೋಡಿಯೇ ತಂತಿಗೆ ಕೈ ಹಾಕಬೇಕು. ಅಲ್ಲಿನ ಹಿರಿಯರು ಈ ಕ್ರಮ ಪಾಲಿಸುತ್ತಾರೋ ಇಲ್ಲವೋ ಎಂಬುದು ಮೊದಲ ವಾರದಲ್ಲೇ ಕಾಣುತ್ತದೆ.