ವೀಣೆಗೆ ಹನ್ನೆರಡು ಡಾಲರ್: ನ್ಯೂಯಾರ್ಕಿಗೆ ಮನೆ ಬದಲಿಸುವವರು ಲಾರಿ ಗೊತ್ತುಮಾಡುವ ಮೊದಲು ಓದಿ

ಅಯೋವಾದ ಡಿಮೋಯ್ನ್ ಬಿಟ್ಟು ನ್ಯೂಯಾರ್ಕಿಗೆ ಬಂದು ನಾಲ್ಕು ತಿಂಗಳಾಯಿತು. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯುವ ಲಕ್ಷಣ ಕಾಣದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ಡಿಮೋಯ್ನ್ ಎರಡು ಲಕ್ಷ ಚಿಲ್ಲರೆ ಜನರ ಊರು, ವಿಮಾ ಕಂಪನಿಗಳಿಗೆ ಹೆಸರಾದದ್ದು. ಅಂಥದ್ದೇ ಒಂದು ಕಂಪನಿಯಲ್ಲಿ ಆರು ವರ್ಷ ದುಡಿದವನು ನಾನು. ವಿಮೆಯ ಕಾಗದವನ್ನೇ ಓದದೆ ಸಹಿ ಹಾಕಿದೆ ಎಂದರೆ ನಗಬೇಡಿ.

ನ್ಯೂಯಾರ್ಕಿನಲ್ಲಿ ಮನೆ ಹಿಡಿಯುವುದೇ ದೊಡ್ಡ ಸಾಹಸ ಎಂದು ಎಲ್ಲರೂ ಹೆದರಿಸಿದ್ದರು. ತಿಂಗಳ ಬಾಡಿಗೆಯ 40 ಪಟ್ಟು ವಾರ್ಷಿಕ ಆದಾಯ ಇರಬೇಕೆಂದು ಮಾಲೀಕರು ಕೇಳುವುದು, ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಕೂಡದೆಂಬ 2019ರ ಕಾನೂನು, 2025ರ ಜೂನ್‌ನಿಂದ ದಲ್ಲಾಳಿಯನ್ನು ಗೊತ್ತುಮಾಡಿದವರೇ ಅವನ ಕಮಿಷನ್ ಕೊಡಬೇಕೆಂಬ ನಿಯಮ, ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ಕ್ವೀನ್ಸ್‌ನಲ್ಲಿ ಮನೆ ಸರಾಗವಾಗಿಯೇ ಸಿಕ್ಕಿತು. ಮನೆಯ ದಲ್ಲಾಳಿಯಿಂದ ತಪ್ಪಿಸಿಕೊಂಡವನು ಲಾರಿಯ ದಲ್ಲಾಳಿಯ ಕೈಗೆ ಸಿಕ್ಕಿಬಿದ್ದೆ.

ಇಂಟರ್ನೆಟ್‌ನಲ್ಲಿ ಹುಡುಕಿದಾಗ ಎಲ್ಲರಿಗಿಂತ ಕಡಿಮೆ ದರ ಹೇಳಿದ ಕಂಪನಿ ಒಂದಿತ್ತು: 2,850 ಡಾಲರ್. ಫೋನಿನಲ್ಲಿ ಮಾತನಾಡಿದ ಹುಡುಗಿ ಎಷ್ಟು ಸಮಾಧಾನದಿಂದ ಮಾತನಾಡಿದಳೆಂದರೆ, ಮನೆ ನೋಡದೆ, ವೀಡಿಯೊದಲ್ಲಿಯೂ ಸಾಮಾನು ನೋಡದೆ ಲೆಕ್ಕ ಹಾಕಿದ್ದು ನನಗೆ ವಿಚಿತ್ರವೆನಿಸಲೇ ಇಲ್ಲ. ಸಾಮಾನನ್ನು ಪರಿಶೀಲಿಸಿಯೇ ಅಂದಾಜು ಕೊಡಬೇಕು, ಬೇಡವೆಂದು ಗ್ರಾಹಕನೇ ಬರೆದುಕೊಟ್ಟರೆ ಮಾತ್ರ ವಿನಾಯಿತಿ ಎಂಬುದು ನಿಯಮ. ಬಹುಶಃ ನಾನೇ ಎಲ್ಲೋ ಒಂದು ಗುಂಡಿ ಒತ್ತಿ ಒಪ್ಪಿದ್ದೆ. 800 ಡಾಲರ್ ಮುಂಗಡ ಕಟ್ಟಿದೆ. ಆ ಕಂಪನಿಯ ಹತ್ತಿರ ಒಂದು ಲಾರಿಯೂ ಇಲ್ಲ, ಅದು ಬರೀ ದಲ್ಲಾಳಿ ಎಂಬುದು ತಿಳಿದದ್ದು ಆಮೇಲೆ.

ಸಾಗಿಸುವ ದಿನ ಬಂದದ್ದು ಹೆಸರೇ ಇಲ್ಲದ ಬಾಡಿಗೆ ಲಾರಿ. ಅರ್ಧ ಸಾಮಾನು ಏರಿದ ಮೇಲೆ ಮೇಸ್ತ್ರಿ ಒಳಗೆ ಬಂದು, ಘನ ಅಡಿ ಲೆಕ್ಕ ಮೀರಿದೆ, ಒಟ್ಟು 5,300 ಆಗುತ್ತದೆ ಎಂದ. ಆ ಸಂಜೆ ಐದಕ್ಕೆ ಮನೆಯ ಕೀಲಿ ಒಪ್ಪಿಸಬೇಕಿತ್ತು. ಮಂಚ ಲಾರಿಯಲ್ಲಿದೆ, ಹಾಸಿಗೆ ಹುಲ್ಲಿನ ಮೇಲಿದೆ, ಮಗಳು ಬರಿ ಕೋಣೆಯಲ್ಲಿ ಬಾಳೆಹಣ್ಣು ತಿನ್ನುತ್ತಾ ನಿಂತಿದ್ದಾಳೆ. ಸಹಿ ಹಾಕಿದೆ. ಅವರಿಗೆ ಬೇಕಾಗಿದ್ದುದು ಆ ಒಂದು ಸಹಿ. ಸಾಮಾನು ಏರಿಸಲು ಶುರುಮಾಡಿದರೆ ಹಳೆಯ ಅಂದಾಜಿಗೆ ಅವರು ಬದ್ಧರು. ಅದು ಖಚಿತ ದರವಲ್ಲದೆ ಬರೀ ಅಂದಾಜಾಗಿದ್ದರೂ, ಸಾಮಾನು ತಲುಪಿಸುವಾಗ ಅದರ ಶೇ. 110ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಹೊಸ ಕಾಗದಕ್ಕೆ ಸಹಿ ಹಾಕಿ ಆ ರಕ್ಷಣೆಯನ್ನು ನಾನೇ ಕೈಯಾರೆ ಬಿಟ್ಟುಕೊಟ್ಟೆ. ಮೇಲಾಗಿ ಈ ಘನ ಅಡಿಯೇ ಒಂದು ಉಪಾಯ. ತೂಕವಾದರೆ ಲಾರಿ ತಕ್ಕಡಿ ಸಾಕ್ಷಿ ಹೇಳುತ್ತದೆ, ಮರುತೂಕ ಕೇಳುವ ಹಕ್ಕು ನಿಮಗಿದೆ. ಘನ ಅಡಿಗೆ ಸಾಕ್ಷಿ ಯಾರು? ಪೆಟ್ಟಿಗೆಗಳನ್ನು ಸಡಿಲವಾಗಿ ಜೋಡಿಸಿದರೆ ಸಾಕು, ಲೆಕ್ಕ ತಾನೇ ಉಬ್ಬುತ್ತದೆ.

ಡಿಮೋಯ್ನ್ ಮೂಲಕ ಹಾದುಹೋಗುವ 80ನೆಯ ಹೆದ್ದಾರಿ ನ್ಯೂಯಾರ್ಕಿನ ಪಕ್ಕದ ನ್ಯೂಜೆರ್ಸಿಯಲ್ಲಿ ಕೊನೆಯಾಗುತ್ತದೆ. ನಾವು ಕಾರಿನಲ್ಲಿ ಎರಡು ದಿನಕ್ಕೆ ಬಂದ ದಾರಿಗೆ ಲಾರಿ ಹದಿನೇಳು ದಿನ ತೆಗೆದುಕೊಂಡಿತು. ಫ್ಲಶಿಂಗಿನ ಗಣಪತಿ ದೇವಸ್ಥಾನದ ಕ್ಯಾಂಟೀನ್ ಇಲ್ಲದಿದ್ದರೆ, ಒಂದು ಪಾತ್ರೆಯೂ ಇಲ್ಲದ ಆ ದಿನಗಳನ್ನು ಹೇಗೆ ಕಳೆಯುತ್ತಿದ್ದೆವೋ. ದೋಸೆ ಎಂದರೆ ಮಗಳು ಈಗಲೂ ಮುಖ ತಿರುಗಿಸುತ್ತಾಳೆ.

ಕೊನೆಗೆ ಲಾರಿ ಬಂತು. ಬಾಕಿಯನ್ನು ನಗದಾಗಿ ಅಥವಾ ಅಂಚೆ ಕಚೇರಿಯ ಮನಿ ಆರ್ಡರ್‌ನಲ್ಲಿ ಕೊಟ್ಟ ಹೊರತು ಬಾಗಿಲು ತೆಗೆಯುವುದಿಲ್ಲ ಎಂದರು. ಕೊಟ್ಟೆವು. ಆಗ ನಮ್ಮ ಕಟ್ಟಡದ ಉಸ್ತುವಾರಿ ಅಡ್ಡ ನಿಂತ. ಇಲ್ಲಿ ಎಷ್ಟೋ ಕಟ್ಟಡಗಳಲ್ಲಿ, ಸಾಗಣೆಯವರು ಮುಂಚಿತವಾಗಿ ವಿಮಾ ಪ್ರಮಾಣಪತ್ರ ಕಳಿಸಿ, ಲಿಫ್ಟಿಗೆ ಸಮಯ ಗೊತ್ತುಮಾಡಿಕೊಳ್ಳದೆ ಒಂದು ಕುರ್ಚಿಯನ್ನೂ ಒಳಗೆ ಬಿಡುವುದಿಲ್ಲ. ಡಿಮೋಯ್ನ್‌ನಲ್ಲಿ ನಾವು ಕೇಳಿಯೇ ಇರದ ಸಂಗತಿ ಇದು. ಉಸ್ತುವಾರಿಯ ಮೇಲೆ ನನಗೆ ಕೋಪವಿಲ್ಲ, ಆ ಇಡೀ ವ್ಯವಹಾರದಲ್ಲಿ ಕಾಗದ ಓದಿದವನು ಅವನೊಬ್ಬನೇ. ಲಾರಿ ಮರುದಿನ ಮತ್ತೆ ಬಂತು, ಕಾಯಿಸಿದ್ದಕ್ಕೆಂದು 350 ಡಾಲರ್ ಹೆಚ್ಚು ಕೇಳಿತು.

ಅಮ್ಮ ಮೈಸೂರಿನಲ್ಲಿ ನುಡಿಸುತ್ತಿದ್ದ ವೀಣೆಯನ್ನು ಎರಡು ಕಂಬಳಿಯಲ್ಲಿ ಸುತ್ತಿ, ಪೆಟ್ಟಿಗೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಕೊಟ್ಟಿದ್ದೆ. ಬಿಚ್ಚಿ ನೋಡಿದರೆ ಸೋರೆಬುರುಡೆ ಮೂರು ಹೋಳು, ಎರಡು ಮೆಟ್ಟಿಲು ಮೇಣದಿಂದ ಕಿತ್ತು ಬಂದು ಕಂಬಳಿಗೆ ಅಂಟಿಕೊಂಡಿದ್ದವು. ನಾನು ಓದದೆ ಸಹಿ ಹಾಕಿದ ಕಾಗದದಲ್ಲಿ ಸಾಮಾನು ಹಾಳಾದರೆ ಅದರ ಪೂರ್ಣ ಮೌಲ್ಯಕ್ಕೆ ಸಾಗಣೆಯವರ ಹೊಣೆ ಬೇಡವೆಂದಿತ್ತು. ಹಾಗಾದಾಗ ಅವರ ಹೊಣೆ ಪೌಂಡಿಗೆ 60 ಸೆಂಟ್ ಮಾತ್ರ. ಇಪ್ಪತ್ತು ಪೌಂಡ್ ವೀಣೆಗೆ ಹನ್ನೆರಡು ಡಾಲರ್.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಈಗ ಎಲ್ಲ ಕಲಿತಿದ್ದೇನೆ. ಕಂಪನಿಯ ಯುಎಸ್‌ಡಿಒಟಿ ಸಂಖ್ಯೆ (ಅಮೆರಿಕದ ಸಾರಿಗೆ ಇಲಾಖೆಯ ನೋಂದಣಿ ಸಂಖ್ಯೆ) ಕೇಳಿ ಪಡೆದು, ಲಾರಿ ಸಾಗಣೆಯ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಎಂಸಿಎಸ್‌ಎಯ ಜಾಲತಾಣದಲ್ಲಿ ಹಾಕಿ ನೋಡಿ, ಅದು ಸಾಗಣೆದಾರನೋ ದಲ್ಲಾಳಿಯೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ಅಲ್ಲಿ ದೂರನ್ನೂ ಕೊಡಬಹುದು. ನಾನು ಕೊಟ್ಟೆ, ಆದರೆ ನಿಮ್ಮ ಹಣ ವಸೂಲಿ ಮಾಡಿಕೊಡುವುದು ಅವರ ಕೆಲಸವಲ್ಲ. ನಷ್ಟ ಪರಿಹಾರಕ್ಕೆ ಲಿಖಿತ ಅರ್ಜಿ ಹಾಕಲು ಒಂಬತ್ತು ತಿಂಗಳ ಅವಕಾಶವಿದೆ. ನನ್ನದು ಹೋಗಿದೆ, ಉತ್ತರ ಬಂದಿಲ್ಲ.

ವೀಣೆಯನ್ನು ಬೇಸಿಗೆಯಲ್ಲಿ ಮೈಸೂರಿಗೆ ಒಯ್ದು ರಿಪೇರಿ ಮಾಡಿಸಬೇಕೆಂದಿದ್ದೇವೆ. ವಿಮಾನದಲ್ಲಿ ವೀಣೆ ಒಯ್ದ ಅನುಭವವಿರುವವರು ಯಾವ ಪೆಟ್ಟಿಗೆ ಬಳಸಿದಿರಿ, ಒಳಗೆ ಏನು ತುಂಬಿದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.