ಹೋಮ್ ಅಸಿಸ್ಟೆಂಟ್‌ನಲ್ಲಿ ಕಾರು ಚಾರ್ಜಿಂಗ್ ಸೆನ್ಸರ್‌ಗಳು: ಎರಡು ವರ್ಷ ಬಳಸಿದ ಮೇಲೆ

ಒಂದು ಬೆಳಿಗ್ಗೆ ಎದ್ದು ನೋಡಿದರೆ, ಮನೆಯ ಸಾಧನಗಳನ್ನು ಒಂದೆಡೆ ಜೋಡಿಸಿ ನಡೆಸುವ ತಂತ್ರಾಂಶವಾದ ಹೋಮ್ ಅಸಿಸ್ಟೆಂಟ್‌ನ ಎನರ್ಜಿ ಡ್ಯಾಶ್‌ಬೋರ್ಡ್‌ನಲ್ಲಿ (ಕರೆಂಟ್ ಲೆಕ್ಕದ ಪುಟ) ಕಾರಿನ ಹೆಸರಿನ ಮುಂದೆ 54 ಯೂನಿಟ್ ಎಂದಿತ್ತು. ನಮ್ಮ ಕಾರಿನ ಬ್ಯಾಟರಿ ಇರುವುದೇ 40 ಯೂನಿಟ್‌ನದು. ಅದೂ ಹಿಂದಿನ ರಾತ್ರಿ ಪ್ಲಗ್ ಹಾಕುವಾಗ ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು. ಹೋಮ್ ಅಸಿಸ್ಟೆಂಟ್ ಬಳಸಲು ಶುರುಮಾಡಿ ಎರಡು ವರ್ಷವಾಯಿತು. ಈ ಸೆನ್ಸರ್‌ಗಳ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಆ 54 ಕಲಿಸಿದ್ದು.

ಆಗ ನನ್ನ ಬಳಿ ಇದ್ದದ್ದು ಚಾರ್ಜರ್‌ಗೆ ಹೋಗುವ ತಂತಿಗೆ ಸಿಕ್ಕಿಸಿದ ಒಂದು ಸಿಟಿ ಕ್ಲ್ಯಾಂಪ್ (ತಂತಿಯ ಸುತ್ತ ಕೂತು ಕರೆಂಟ್ ಅಳೆಯುವ ಬಳೆ) ಮಾತ್ರ. ಅದು ಆ ಕ್ಷಣದ ವ್ಯಾಟ್ ಹೇಳುತ್ತಿತ್ತು, ಒಟ್ಟು ಯೂನಿಟ್ ಹೇಳುತ್ತಿರಲಿಲ್ಲ. ವ್ಯಾಟ್‌ನಿಂದ ಯೂನಿಟ್ ಲೆಕ್ಕ ಹಾಕಲು ಹೋಮ್ ಅಸಿಸ್ಟೆಂಟ್‌ನಲ್ಲಿ ರೀಮನ್ ಸಮ್ ಇಂಟಿಗ್ರಲ್ ಎಂಬ ಹೆಲ್ಪರ್ (ಸಿದ್ಧ ಲೆಕ್ಕದ ಸಲಕರಣೆ) ಇದೆ. ಅದರಲ್ಲಿ ಮೊದಲೇ ಆಯ್ಕೆಯಾಗಿದ್ದ ಟ್ರೆಪಿಜಾಯ್ಡಲ್ ವಿಧಾನವನ್ನು ನಾನು ಮುಟ್ಟಲು ಹೋಗಿರಲಿಲ್ಲ. ಅದು ಹಿಂದಿನ ಅಂಕಿಗೂ ಈಗಿನ ಅಂಕಿಗೂ ಸರಾಸರಿ ತೆಗೆದು, ನಡುವೆ ಕಳೆದ ಸಮಯದಿಂದ ಗುಣಿಸುತ್ತದೆ. ನನ್ನ ಸೆನ್ಸರ್‌ಗೋ ಅಂಕಿ ಬದಲಾಗದೆ ಬಾಯಿ ಬಿಡದ ಸ್ವಭಾವ. ಮಧ್ಯಾಹ್ನ ಒಂದಕ್ಕೆ ಸೊನ್ನೆ ಎಂದು ಹೇಳಿ ಸುಮ್ಮನಾದದ್ದು, ರಾತ್ರಿ ಹನ್ನೊಂದಕ್ಕೆ ಒಮ್ಮೆಲೇ 7,200 ವ್ಯಾಟ್ ಎಂದಿತು. ಸರಾಸರಿ 3,600, ನಡುವೆ ಹತ್ತು ಗಂಟೆ. ಕಾರು ಒಂದು ಹನಿ ಕರೆಂಟೂ ಕುಡಿಯದ ಹೊತ್ತಿಗೆ 36 ಯೂನಿಟ್ ಲೆಕ್ಕ ಬಿತ್ತು! ನಿಜವಾಗಿ ಹೋದದ್ದು ಆಮೇಲಿನ 18 ಅಷ್ಟೇ. ವಿಧಾನವನ್ನು, ಹಿಂದಿನ ಅಂಕಿಯನ್ನಷ್ಟೇ ಸಮಯದಿಂದ ಗುಣಿಸುವ ಲೆಫ್ಟ್‌ಗೆ ಬದಲಿಸಿ, ಅಂಕಿ ಬದಲಾಗದಿದ್ದರೂ ಲೆಕ್ಕ ನಡೆಸುವ ಮ್ಯಾಕ್ಸ್ ಸಬ್ ಇಂಟರ್ವಲ್ ಒಂದು ನಿಮಿಷಕ್ಕೆ ಇಟ್ಟೆ. ಆ ಭೂತ ಮತ್ತೆ ಕಾಣಿಸಲಿಲ್ಲ.

ಕ್ಲ್ಯಾಂಪ್ ಹಾಕಿಸುವವರಿಗೆ ಒಂದು ಮಾತು. ಅದರೊಳಗೆ ಫೇಸ್ ತಂತಿ ಒಂದೇ ಹೋಗಬೇಕು. ನ್ಯೂಟ್ರಲ್ಲನ್ನೂ ಸೇರಿಸಿದರೆ ಎರಡೂ ಒಂದನ್ನೊಂದು ಕಳೆದು ಸೊನ್ನೆ ತೋರಿಸುತ್ತದೆ. ಹಿಂದುಮುಂದಾಗಿ ಹಾಕಿದರೆ ಕಾರೇ ಮನೆಗೆ ಕರೆಂಟ್ ಕೊಡುತ್ತಿದೆ ಎಂಬಂತೆ ಮೈನಸ್ ಬರುತ್ತದೆ. ಬೋರ್ಡ್ ಮುಚ್ಚಳ ತೆಗೆಯುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಆರು ತಿಂಗಳ ನಂತರ ಚಾರ್ಜರನ್ನೇ ಓಸಿಪಿಪಿ (ಚಾರ್ಜರ್ ತನ್ನ ಸರ್ವರ್ ಜೊತೆ ಮಾತಾಡುವ ಸಾಮಾನ್ಯ ಭಾಷೆ) ಮೂಲಕ ಹೋಮ್ ಅಸಿಸ್ಟೆಂಟ್‌ಗೆ ಜೋಡಿಸಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಚಾರ್ಜರ್ ಒಳಗೇ ಮೀಟರ್ ಇದೆ, ಅದರ ಒಟ್ಟು ಅಂಕಿ ಏರುತ್ತಲೇ ಹೋಗುತ್ತದೆ. ಹೋಮ್ ಅಸಿಸ್ಟೆಂಟ್ ಓಡುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಒಂದು ಗಂಟೆ ಸತ್ತು ಬಿದ್ದಿದ್ದರೂ ಎದ್ದ ಮೇಲೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಅದಕ್ಕಿಂತ ನನಗೆ ಇಷ್ಟವಾದದ್ದು ಸ್ಥಿತಿಯ ಸೆನ್ಸರ್. ಚಾರ್ಜಿಂಗ್ ನಿಂತಾಗ ‘ಸಸ್ಪೆಂಡೆಡ್ ಇವಿ’ ಎಂದಿದ್ದರೆ ನಿಲ್ಲಿಸಿದ್ದು ಕಾರು, ‘ಸಸ್ಪೆಂಡೆಡ್ ಇವಿಎಸ್‌ಇ’ ಎಂದಿದ್ದರೆ ಚಾರ್ಜರ್. ಮೊದಲು ಇದು ತಿಳಿಯದೆ ಕೇಬಲ್ ಕಿತ್ತು ಹಾಕಿ, ಕಿತ್ತು ಹಾಕಿ ನೋಡುತ್ತಿದ್ದೆ.

ಕಾರು ತಯಾರಕರ ಕ್ಲೌಡ್ ಮೂಲಕ ಬರುವ ಸೆನ್ಸರ್‌ಗಳ ಬಗ್ಗೆ ಹೇಳುವುದಾದರೆ ನನಗೆ ಸ್ವಲ್ಪ ಸಿಟ್ಟೇ ಇದೆ. ಬ್ಯಾಟರಿ ಶೇಕಡಾವಾರು ತಿಳಿಯಲು ನನಗಿರುವುದು ಅದೊಂದೇ ದಾರಿ, ಯಾಕೆಂದರೆ ನಮ್ಮಂಥ ಎಸಿ ಚಾರ್ಜರ್‌ಗೆ ಕಾರು ಅದನ್ನು ಹೇಳುವುದಿಲ್ಲ. ಆದರೆ ಐದೈದು ನಿಮಿಷಕ್ಕೆ ಕೇಳುವಂತೆ ಇಟ್ಟಿದ್ದರಿಂದ ಕಾರಿಗೆ ನಿದ್ದೆಯೇ ಇಲ್ಲದಂತಾಗಿ, ನಾಲ್ಕು ದಿನ ಓಡಿಸದೆ ಬಿಟ್ಟಾಗ ಅದರ 12 ವೋಲ್ಟ್ ಬ್ಯಾಟರಿ ಇಳಿದುಹೋಯಿತು. ದೊಡ್ಡ ಬ್ಯಾಟರಿ ತುಂಬಿದ್ದರೂ ಬಾಗಿಲು ತೆರೆಯದ ಕಾರು! ಈಗ ಚಾರ್ಜ್ ಆಗುತ್ತಿರುವಾಗ ಮಾತ್ರ, ಅರ್ಧ ಗಂಟೆಗೊಮ್ಮೆ ಕೇಳುತ್ತೇನೆ. ಯಾವ ಆಟೊಮೇಶನ್ನನ್ನೂ ಆ ಶೇಕಡಾವಾರಿನ ಮೇಲೆ ನಿಲ್ಲಿಸಿಲ್ಲ.

ಗೋಡೆಯಿಂದ ಹೋದ ಯೂನಿಟ್ಟಿಗೂ ಬ್ಯಾಟರಿಗೆ ಸೇರಿದ ಯೂನಿಟ್ಟಿಗೂ ತಾಳೆಯಾಗುವುದಿಲ್ಲ, ಅದನ್ನು ಸೆನ್ಸರ್ ತಪ್ಪು ಎಂದುಕೊಳ್ಳಬೇಡಿ. ನನ್ನಲ್ಲಿ 32 ಆಂಪಿಯರ್‌ನಲ್ಲಿ ಹತ್ತರಲ್ಲಿ ಒಂದು ಪಾಲು ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. 6 ಆಂಪಿಯರ್‌ಗೆ ಇಳಿಸಿದರೆ ನಷ್ಟ ಇನ್ನೂ ಹೆಚ್ಚು: ಕಾರಿನ ಕಂಪ್ಯೂಟರು, ಪಂಪುಗಳು ನಿಧಾನವಾಗಿ ಚಾರ್ಜ್ ಮಾಡಿದರೂ ಅಷ್ಟೇ ತಿನ್ನುತ್ತವೆ, ಹೆಚ್ಚು ಹೊತ್ತು ತಿನ್ನುತ್ತವೆ.

ಸೋಲಾರ್ ಮಿಕ್ಕಿದಷ್ಟನ್ನೇ ಕಾರಿಗೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ 6 ಆಂಪಿಯರ್‌ಗಿಂತ ಕೆಳಗೆ ಇಳಿಯಲು ಕಾರು ಚಾರ್ಜಿಂಗ್‌ನ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61851ರಲ್ಲೇ ಅವಕಾಶವಿಲ್ಲ. 230 ವೋಲ್ಟ್ ಸಿಂಗಲ್ ಫೇಸ್‌ನಲ್ಲಿ ಅದು 1,380 ವ್ಯಾಟ್. ಅಷ್ಟು ಮಿಗದಿದ್ದರೆ ನಿಲ್ಲಿಸಬೇಕು, ಇಲ್ಲವೇ ಗ್ರಿಡ್‌ನಿಂದ ತುಂಬಿಕೊಡಬೇಕು. ಮೊದಮೊದಲು ಒಂದೊಂದು ಮೋಡಕ್ಕೂ ಚಾರ್ಜರ್‌ನ ಕಾಂಟ್ಯಾಕ್ಟರ್ (ಕರೆಂಟ್ ಹಾಕಿ ತೆಗೆಯುವ ಒಳಗಿನ ಸ್ವಿಚ್ಚು) ಟಕ್ ಟಕ್ ಎನ್ನುತ್ತಿತ್ತು. ಐದು ನಿಮಿಷದ ಸರಾಸರಿ ನೋಡಿ, ಹತ್ತು ನಿಮಿಷ ಕಾದು ನಿಲ್ಲಿಸುವಂತೆ ಬರೆದ ಮೇಲೆ ಮನೆಯವರ ಗೊಣಗಾಟ ನಿಂತಿತು.

ಮಿಕ್ಕ ಸೆಟ್ಟಿಂಗ್‌ಗಳು ಸುಲಭ. ಯೂನಿಟ್ ಸೆನ್ಸರ್‌ಗೆ ಟೋಟಲ್ ಅಥವಾ ಟೋಟಲ್ ಇನ್ಕ್ರೀಸಿಂಗ್‌ನಂಥ ಸ್ಟೇಟ್ ಕ್ಲಾಸ್ (ಅಂಕಿ ಯಾವ ಬಗೆಯದು ಎಂಬ ಗುರುತು) ಇಲ್ಲದಿದ್ದರೆ ಎನರ್ಜಿ ಡ್ಯಾಶ್‌ಬೋರ್ಡ್‌ನ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ತಿಂಗಳ ಲೆಕ್ಕಕ್ಕೆ ಯುಟಿಲಿಟಿ ಮೀಟರ್ ಹೆಲ್ಪರ್ ಸಾಕು. ಸೂಕ್ಷ್ಮ ದಾಖಲೆ ಹತ್ತು ದಿನಕ್ಕೆ ಅಳಿಸಿಹೋಗುತ್ತದೆ, ಗಂಟೆಗೊಂದರಂತೆ ಸಾರಾಂಶ ಮಾತ್ರ ಉಳಿಯುತ್ತದೆ. ಹಾಗಾಗಿ ಏನಾದರೂ ಎಡವಟ್ಟಾದರೆ ಆ ವಾರವೇ ನೋಡಿಬಿಡಿ.

ಕೊನೆಗೆ ಚಾರ್ಜಿಂಗ್ ವೇಳಾಪಟ್ಟಿ. ಕಾರಿನೊಳಗೆ ಒಂದು, ಚಾರ್ಜರ್ ಆ್ಯಪ್‌ನಲ್ಲಿ ಒಂದು, ಹೋಮ್ ಅಸಿಸ್ಟೆಂಟ್‌ನಲ್ಲಿ ಒಂದು ಎಂದು ಮೂರು ಕಡೆ ಇಟ್ಟಿದ್ದೆ. ಎತ್ತು ಏರಿಗೆ, ಕೋಣ ನೀರಿಗೆ. ಬೆಳಿಗ್ಗೆ ಕಾರು ಖಾಲಿ. ಮೊದಲೆರಡನ್ನೂ ಆಫ್ ಮಾಡಿದ್ದೇನೆ. ಜೊತೆಗೆ ರಾತ್ರಿ ಹತ್ತಕ್ಕೆ ಕೇಬಲ್ ಸಿಕ್ಕಿಸಿದ ಸ್ಥಿತಿ ಕಾಣದಿದ್ದರೆ ಫೋನಿಗೆ ಸಂದೇಶ ಬರುವಂತೆ ಮಾಡಿದ್ದೇನೆ. ಇದುವರೆಗೆ ಅದು ಎರಡು ಸಲ ಕೂಗಿದೆ. ಒಂದು ಸಲ ಚಾರ್ಜರ್ ತನ್ನಷ್ಟಕ್ಕೆ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಬದಲಿಸಿಕೊಂಡು ನಾನು ಹಾಕಿದ್ದ ಸರ್ವರ್ ವಿಳಾಸವನ್ನೇ ಮರೆತಿತ್ತು. ಇನ್ನೊಂದು ಸಲ ಕೇಬಲ್ ಹಾಕುವುದನ್ನು ನಾನೇ ಮರೆತಿದ್ದೆ.