ಸ್ಕ್ರೂಡ್ರೈವರ್ ಹಾಕಿ ಡೋರ್ ಪ್ಯಾಡ್ ಎಬ್ಬಿಸಬೇಡಿ ಮಾರಾಯ್ರೆ

ಕಾರಿನ ಡೋರ್ ಪ್ಯಾಡನ್ನು, ಅಂದರೆ ಬಾಗಿಲಿನ ಒಳಬದಿಯ ಹೊದಿಕೆಯನ್ನು, ಮನೆಯಲ್ಲೇ ಬಿಚ್ಚಲು ಹೊರಟಿದ್ದರೆ ಒಂದು ನಿಮಿಷ ನಿಲ್ಲಿ. ಹೋದ ಜೂನ್‌ನಲ್ಲಿ ನಾನೂ ಹೀಗೇ ಹೊರಟವನು. ಇವತ್ತಿಗೂ ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಹತ್ತುವಾಗ ನನ್ನ ಡ್ರೈವರ್ ಬಾಗಿಲು ಟಕಟಕ ಅನ್ನುತ್ತದೆ.

ಕಾರು ಹನ್ನೊಂದು ವರ್ಷ ಹಳೆಯದು. ಸ್ಪೀಕರ್ ಒಂದು ಗೊರಗೊರ ಅನ್ನುತ್ತಿತ್ತು. ಹೊಸದು ತಂದೆ. ಕೂರಿಸಲು ಅಂಗಡಿಯವರು ಕೇಳಿದ ಕೂಲಿ ಜಾಸ್ತಿ ಅನ್ನಿಸಿತು. ನಾಲ್ಕು ಸ್ಕ್ರೂ ಬಿಚ್ಚುವುದಕ್ಕೆ ಅಷ್ಟಾ? ಭಾನುವಾರ ಮಳೆ ಸ್ವಲ್ಪ ಹೊಳವಾಯಿತು, ಅಂಗಳದಲ್ಲೇ ಶುರು ಮಾಡಿದೆ.

ಹ್ಯಾಂಡಲ್ ಹಿಂದಿನ ಸ್ಕ್ರೂ, ಕೈಹಿಡಿಯ ಗುಂಡಿಯೊಳಗಿನ ಸ್ಕ್ರೂ, ಎಲ್ಲ ಸಲೀಸಾಗಿ ಬಂದವು. ಉಳಿದದ್ದು ಅಂಚಿನ ಸುತ್ತ ಇರುವ ಪ್ಲಾಸ್ಟಿಕ್ ಕ್ಲಿಪ್‌ಗಳು. ಚಪ್ಪಟೆ ಸ್ಕ್ರೂಡ್ರೈವರನ್ನು ಸಂದಿಗೆ ತುರುಕಿ ಎಬ್ಬಿಸಿದೆ. ಟಪ್. ಇನ್ನೊಂದು ಕಡೆ, ಟಪ್. ಎಷ್ಟು ಸುಲಭ ಅಂದುಕೊಂಡೆ. ಪ್ಯಾಡ್ ಕೈಗೆ ಬಂದ ಮೇಲೆ ತಿರುಗಿಸಿ ನೋಡಿದರೆ ಒಂಬತ್ತರಲ್ಲಿ ಐದು ಕ್ಲಿಪ್‌ಗಳಿಗೆ ತಲೆಯೇ ಇಲ್ಲ. ತಲೆಗಳೆಲ್ಲ ಬಾಗಿಲಿನ ತಗಡಿನ ತೂತಲ್ಲೇ ಕೂತಿದ್ದವು.

ಈ ಕ್ಲಿಪ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಮೇಲೆ ಬಾಣದ ಮೊನೆ, ಅದರ ಕೆಳಗೆ ಎರಡು ಭುಜ, ಸಣ್ಣ ಕುತ್ತಿಗೆ, ಬುಡದಲ್ಲಿ ಚಪ್ಪಟೆ ತಟ್ಟೆ. ಭುಜಗಳು ಒತ್ತಿಕೊಂಡು ತೂತಿನೊಳಗೆ ಹೋಗುತ್ತವೆ, ಆಚೆ ಹೋದ ಮೇಲೆ ಅಗಲವಾಗಿ ಹಿಡಿದುಕೊಳ್ಳುತ್ತವೆ. ಬುಡದ ತಟ್ಟೆ ಪ್ಯಾಡಿನ ಹಿಂದಿರುವ ಸಣ್ಣ ಗೂಡಿನಲ್ಲಿ ಜಾರಿ ಕೂರುತ್ತದೆ. ಹೊಸ ನೈಲಾನ್ ಕ್ಲಿಪ್ ಚೆನ್ನಾಗಿ ಬಾಗುತ್ತದೆ. ಆದರೆ ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಕಾದು ಕಾದು ಕೊನೆಗೆ ಸೆಂಡಿಗೆಯ ಹಾಗಾಗುತ್ತದೆ.

ಕ್ಲಿಪ್ ಮುರಿದದ್ದು ದೊಡ್ಡ ವಿಷಯ ಅಲ್ಲ, ಹೊಸದು ಸಿಗುತ್ತದೆ. ಆದರೆ ನಾನು ಸ್ಕ್ರೂಡ್ರೈವರ್ ಹಾಕಿದ್ದು ಕ್ಲಿಪ್‌ನಿಂದ ಒಂದು ಗೇಣು ದೂರ. ಪ್ಯಾಡ್ ಬಾಗಿ ಎರಡು ಗೂಡುಗಳೇ ಒಡೆದುಹೋದವು. ಗೂಡು ಬಿಡಿಯಾಗಿ ಎಲ್ಲೂ ಸಿಗುವುದಿಲ್ಲ, ಇಡೀ ಪ್ಯಾಡನ್ನೇ ತರಬೇಕು.

ಇನ್ನೊಂದು ದಡ್ಡತನ ಹೇಳಲು ನಾಚಿಕೆ. ಪ್ಯಾಡಿನ ಹಿಂದೆ ಕಪ್ಪು ಅಂಟು ಹಾಕಿ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಕಂಪನಿಯವರು ಪ್ಯಾಕಿಂಗ್ ತೆಗೆಯಲು ಮರೆತಿರಬೇಕು ಅಂತ ಬ್ಲೇಡ್ ಹಾಕಿ ಕೊಯ್ದು ಬಿಸಾಡಿದೆ. ಗಾಜಿನ ರಬ್ಬರ್ ಎಷ್ಟೇ ಚೆನ್ನಾಗಿದ್ದರೂ ಮಳೆನೀರು ಬಾಗಿಲಿನೊಳಗೆ ಇಳಿದೇ ಇಳಿಯುತ್ತದೆ. ಆ ನೀರು ಕಾರಿನೊಳಗೆ ಬಾರದೆ ಬಾಗಿಲಿನ ತಳದ ತೂತುಗಳಿಂದ ಹೊರಗೆ ಹೋಗುವುದು ಆ ಹಾಳೆಯ ದೆಸೆಯಿಂದ. ಮೂರನೇ ದಿನ ಉಡುಪಿಗೆ ಹೊರಟೆ, ಸುರತ್ಕಲ್ ದಾಟುತ್ತಲೇ ಜಡಿಮಳೆ. ಪಡುಬಿದ್ರಿ ಹತ್ತಿರ ಕ್ಲಚ್ ಬಿಟ್ಟು ಕಾಲು ಕೆಳಗಿಟ್ಟರೆ ಪಚಕ್. ಕಾರ್ಪೆಟ್ಟಿನ ಅಡಿಯ ಹತ್ತಿಯಂಥ ಪದರ ಪೂರ್ತಿ ನೀರು ಕುಡಿದಿತ್ತು. ನಮ್ಮೂರ ಮಳೆಗಾಲದಲ್ಲಿ ಅದು ಒಣಗುವುದುಂಟಾ? ವಾರದೊಳಗೆ ಬೂಸ್ಟು. ಒಣಮೀನು ತಂದಿದ್ದೀರಾ ಅಂತ ಮನೆಯಲ್ಲಿ ಕೇಳಿದರು.

ಮಧ್ಯೆ ಆನ್‌ಲೈನ್‌ನಲ್ಲಿ ಎಲ್ಲ ಕಾರಿಗೂ ಆಗುತ್ತದೆ ಎಂಬ ನೂರು ಕ್ಲಿಪ್‌ಗಳ ಡಬ್ಬಿ ತರಿಸಿದ್ದೆ. ತೂತಿಗೆ ಸರಿಹೋದದ್ದರ ಬುಡ ಗೂಡಿಗೆ ಕೂರುವುದಿಲ್ಲ, ಗೂಡಿಗೆ ಕೂತದ್ದು ತೂತಲ್ಲಿ ಲಟಲಟ. ಎರಡು ಬದಿ ಅಂಟುವ ಟೇಪ್ ಹಾಕಿದೆ, ಶೆಕೆಗೆ ಎರಡೇ ದಿನದಲ್ಲಿ ಬಿಟ್ಟುಕೊಂಡಿತು.

ಕೊನೆಗೆ ಉಡುಪಿಯ ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಬೈಯಲಿಲ್ಲ, ಸುಮ್ನೆ ಪಕ್ಕದ ಬಾಗಿಲನ್ನು ಬಿಚ್ಚಿ ತೋರಿಸಿದರು. ಕೆಳಗಿನ ಮೂಲೆಯಿಂದ ಶುರು. ಸಂದಿಯಲ್ಲಿ ಬೆರಳು ಹಾಕಿ ಕ್ಲಿಪ್ ಎಲ್ಲಿದೆ ಅಂತ ತಡವಿದರು. ಕವಲಿರುವ ಪ್ಲಾಸ್ಟಿಕ್ ಪಟ್ಟಿಯನ್ನು ಸರಿಯಾಗಿ ಅದರ ಕುತ್ತಿಗೆಗೆ ಕೊಟ್ಟು ನೇರ ಹೊರಗೆ ಎಳೆದರು. ಗಟ್ಟಿ ಅನ್ನಿಸಿದಲ್ಲಿ ಹೇರ್ ಡ್ರೈಯರ್ ಹಿಡಿದರು. ಎಲ್ಲ ಬಿಟ್ಟ ಮೇಲೆ ಪ್ಯಾಡನ್ನು ಮೇಲಕ್ಕೆತ್ತಿ ಗಾಜಿನ ಅಂಚಿನಿಂದ ಬಿಡಿಸಿದರು, ಆದರೆ ಎಳೆಯಲಿಲ್ಲ. ಹಿಂದೆ ಸ್ವಿಚ್ಚಿನ ವೈರ್, ಹ್ಯಾಂಡಲ್ಲಿನ ಕೇಬಲ್ ಇರುತ್ತವಲ್ಲ.

ಬಂಪರ್ ಕೆಳಗಿನ ದುಂಡು ಕ್ಲಿಪ್‌ಗಳ ಲೆಕ್ಕ ಬೇರೆ. ಕೆಲವದರ ನಡುವಿನ ಮೊಳೆಯನ್ನು ಮೇಲಕ್ಕೆ ಎತ್ತಬೇಕು, ಕೆಲವದನ್ನು ಸ್ವಲ್ಪ ಒಳಗೆ ಒತ್ತಬೇಕು. ಗೊತ್ತಿಲ್ಲದೆ ಕೆದಕಿದರೆ ಎರಡೂ ಹಾಳು. ಪ್ಲಸ್ ಗುರುತಿನದು ತಿರುಗಿಸಿದಷ್ಟೂ ಗರಗರ ತಿರುಗುತ್ತಿದ್ದರೆ ಅಡಿಯಿಂದ ಮೆಲ್ಲಗೆ ಎತ್ತಿ ಹಿಡಿದು ತಿರುಗಿಸಿ. ಗಾಜುಗಳ ನಡುವಿನ ಕಂಬದ ಮೇಲಿರುವ, ಏರ್‌ಬ್ಯಾಗ್ ಅಂತ ಬರೆದ ಪ್ಲಾಸ್ಟಿಕ್‌ಗೆ ಮಾತ್ರ ಕೈಯೇ ಹಾಕಬೇಡಿ.

ಹೊಸ ಹಾಳೆ, ಹೊಸ ಕ್ಲಿಪ್ ಎಲ್ಲ ಹಾಕಿಸಿದ್ದಾಯಿತು. ಒಡೆದ ಗೂಡುಗಳು ಮಾತ್ರ ಹಾಗೇ ಇವೆ, ಟಕಟಕ ಅಲ್ಲಿಂದಲೇ. ಸ್ಕ್ರೂಡ್ರೈವರ್ ಕೆರೆದ ತಗಡಿನ ಅಂಚಲ್ಲಿ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಕೆಂಪು ತುಕ್ಕಿನ ಗೆರೆ ಎದ್ದಿತು, ಉಪ್ಪುಗಾಳಿ ಬಿಡುತ್ತದಾ?

ಬಿಚ್ಚಲೇಬೇಕು ಅಂತಿದ್ದರೆ ಮಳೆಗಾಲ ಕಳೆಯಲಿ, ನಿಮ್ಮ ಮಾಡೆಲ್‌ನ ಹೊಸ ಕ್ಲಿಪ್ ಹತ್ತು ಮೊದಲೇ ತಂದಿಟ್ಟುಕೊಳ್ಳಿ. ಸಾಲದೆ ಮತ್ತೆ ಅಂಗಡಿಗೆ ಹೋಗುವಾಗ ಹಳೆಯದೊಂದು ಜೇಬಲ್ಲಿರಲಿ. ತಲೆ ಮುರಿದಿದ್ದರೂ ಪರವಾಗಿಲ್ಲ, ಬುಡ ಇದ್ದರೆ ಅವರು ಗುರುತು ಹಿಡಿಯುತ್ತಾರೆ.